ಬೇಸಿಗೆ ರಾತ್ರಿ ಪಗ್, ಬುಲ್‌ಡಾಗ್, ಶಿಹ್ ತ್ಸುಗಳಿಗೆ ನೆಮ್ಮದಿಯ ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಪಗ್ ಸಾಕಿದ ಮನೆಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ನಾಯಿ ಒಂದು ಕಡೆ ಮಲಗುವುದಿಲ್ಲ. ಹಾಲ್‌ನಿಂದ ಬಚ್ಚಲಿಗೆ ಹೋಗುತ್ತದೆ, ಅಲ್ಲಿಂದ ಬಾಗಿಲ ಹತ್ತಿರ ಬರುತ್ತದೆ, ತೇಕುತ್ತದೆ, ಎದ್ದು ಕೂರುತ್ತದೆ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ನಮ್ಮ ಊರುಗಳಲ್ಲಿ ಪಗ್ ಮನೆಮಾತಾಯಿತು. ಈಗ ಶಿಹ್ ತ್ಸು, ಫ್ರೆಂಚ್ ಬುಲ್‌ಡಾಗ್‌ಗಳೂ ಜಾಸ್ತಿಯಾಗಿವೆ. ಜೂನ್ ಮಳೆ ಬೀಳುವ ತನಕ ಇವುಗಳ ರಾತ್ರಿಗಳನ್ನು ಹೇಗೆ ಸುಧಾರಿಸುವುದು ಎಂದು ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು.

ಚಪ್ಪಟೆ ಮುಖದ ನಾಯಿಗಳಿಗೇ ಸೆಕೆ ಯಾಕೆ ಇಷ್ಟು ಕಷ್ಟ?

ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ಮಾತ್ರ ಒಂಚೂರು ಬೆವರು ಬರುತ್ತದೆ. ಅದು ಯಾವ ಮೂಲೆಗೂ ಸಾಲದು. ಮೈಯ ಬಿಸಿ ಮುಖ್ಯವಾಗಿ ಉಸಿರಿನ ಮೂಲಕವೇ ಹೊರಗೆ ಹೋಗಬೇಕು. ನಾಯಿ ತೇಕುವಾಗ ಮೂಗಿನ ಒಳಗಿನ ಮತ್ತು ನಾಲಿಗೆಯ ಮೇಲಿನ ತೇವ ಆವಿಯಾಗುತ್ತದೆ. ಆಗ ಅಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ. ಉದ್ದ ಮೂತಿಯ ನಾಯಿಗೆ ಇದಕ್ಕೆ ಬೇಕಾದಷ್ಟು ಜಾಗ ಇರುತ್ತದೆ.

ಪಗ್‌ನಲ್ಲಿ ಹಾಗಲ್ಲ. ತಲೆಬುರುಡೆ ಮೋಟಾಗಿದೆ, ಆದರೆ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಿಲ್ಲ. ದೊಡ್ಡ ಮನೆಯ ಸಾಮಾನನ್ನೆಲ್ಲ ಒಂದು ಸಣ್ಣ ಕೋಣೆಗೆ ತುಂಬಿದ ಹಾಗೆ. ಮೂಗಿನ ಹೊಳ್ಳೆ ಕಿರಿದು, ಮೆದು ಅಂಗುಳ ಉದ್ದ, ನಾಲಿಗೆ ದಪ್ಪ, ಎಷ್ಟೋ ನಾಯಿಗಳಲ್ಲಿ ಶ್ವಾಸನಾಳವೂ ಸಣ್ಣದು. ಗಾಳಿ ಎಳೆದುಕೊಳ್ಳುವುದೇ ದೊಡ್ಡ ಕೆಲಸ. ಆ ಕೆಲಸದಿಂದಲೇ ಮೈ ಇನ್ನಷ್ಟು ಬಿಸಿಯಾಗುತ್ತದೆ. ಜೋರಾಗಿ ತೇಕಿದರೆ ಗಂಟಲು ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು ಮತ್ತು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 9 ಲಕ್ಷಕ್ಕೂ ಹೆಚ್ಚು ನಾಯಿಗಳ ಚಿಕಿತ್ಸಾ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಬ್ರಡಾರ್‌ಗೆ ಹೋಲಿಸಿದರೆ ಶಾಖದಿಂದ ಕಾಯಿಲೆ ಬೀಳುವ ಅಪಾಯ ಇಂಗ್ಲಿಷ್ ಬುಲ್‌ಡಾಗ್‌ಗೆ ಸುಮಾರು 14 ಪಟ್ಟು, ಫ್ರೆಂಚ್ ಬುಲ್‌ಡಾಗ್‌ಗೆ 6 ಪಟ್ಟು, ಪಗ್‌ಗೆ 3 ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡಿತು. ಇದು ತಂಪು ದೇಶದ ಮಾತು. ನಾವಿರುವುದು ರಾಯಚೂರು, ಬಳ್ಳಾರಿ, ಮಂಗಳೂರಿನಂಥ ಊರುಗಳಲ್ಲಿ.

ಸೂರ್ಯ ಮುಳುಗಿದ ಮೇಲೂ ನಮ್ಮ ನಾಯಿ ಒದ್ದಾಡುತ್ತದಲ್ಲ, ಯಾಕೆ?

ಹೊರಗೆ ತಂಪಾದ ತಕ್ಷಣ ಮನೆ ತಂಪಾಗುವುದಿಲ್ಲ. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಅದನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಮೇಲಿನ ಮಹಡಿಯವರಿಗೆ ಇದು ಗೊತ್ತೇ ಇದೆ. ಪಶ್ಚಿಮದ ಗೋಡೆಯೂ ಹಾಗೆಯೇ, ರಾತ್ರಿ ಹತ್ತಕ್ಕೆ ಕೈಯಿಟ್ಟು ನೋಡಿ. ನಾಯಿಯ ಹಾಸಿಗೆ ಆ ಗೋಡೆಗೆ ಒತ್ತಿಕೊಂಡಿದ್ದರೆ ಇವತ್ತೇ ಸರಿಸಿ.

ಇನ್ನೊಂದು ಕಾರಣ ನಿದ್ದೆಯೇ. ಗಾಢ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ಮೊದಲೇ ಕಿರಿದಾದ ದಾರಿ ಮುಚ್ಚಿಕೊಳ್ಳುತ್ತದೆ. ಎಚ್ಚರವಿದ್ದಾಗ ಹೇಗೋ ನಿಭಾಯಿಸುವ ನಾಯಿ ಕಣ್ಣು ಹತ್ತಿದ ಕೂಡಲೇ ಉಸಿರು ಕಟ್ಟಿ ಏಳುತ್ತದೆ. ಅದಕ್ಕೇ ಹಗಲು ಚೆನ್ನಾಗಿತ್ತು, ಆದ್ದರಿಂದ ರಾತ್ರಿಯೂ ಚೆನ್ನಾಗಿರುತ್ತದೆ ಎನ್ನುವ ಲೆಕ್ಕ ಈ ತಳಿಗಳಿಗೆ ಹೊಂದುವುದಿಲ್ಲ.

ಮನೆಯಲ್ಲಿ ಎಲ್ಲಿ ಮಲಗಿಸಿದರೆ ಒಳ್ಳೆಯದು?

ಕೆಳಗಿನ ಮಹಡಿ, ಪೂರ್ವ ಅಥವಾ ಉತ್ತರದ ಕೋಣೆ, ಗಾಳಿ ಆಡುವ ಜಾಗ. ನೆಲ ಕಲ್ಲಿನದಾದರೆ ಇನ್ನೂ ಒಳ್ಳೆಯದು. ಶಹಾಬಾದ್ ಕಲ್ಲು, ಕಡಪ ಕಲ್ಲು, ಗ್ರಾನೈಟ್, ಹಳೆಯ ರೆಡ್ ಆಕ್ಸೈಡ್ ನೆಲ ಎಲ್ಲವೂ ನಾಯಿಯ ಹೊಟ್ಟೆಯಿಂದ ಬಿಸಿ ಎಳೆದುಕೊಳ್ಳುತ್ತವೆ. ನಾಯಿ ಬಚ್ಚಲ ಹೊಸ್ತಿಲಲ್ಲಿ ಹೊಟ್ಟೆ ಒತ್ತಿ ಮಲಗುವುದು ಇದಕ್ಕೇ. ಬೈದು ಎಬ್ಬಿಸಬೇಡಿ. ಅದು ಆರಿಸಿದ ಜಾಗ ಸಾಮಾನ್ಯವಾಗಿ ಮನೆಯಲ್ಲೇ ತಂಪು ಜಾಗ. ಅಲ್ಲಿಗೆ ಗಾಳಿ ಬರುವ ಹಾಗೆ ಮಾಡಿಕೊಡಿ, ಸಾಕು.

ತಾರಸಿ ಮೇಲಿನ ಶೀಟ್ ಕೋಣೆ, ಮುಚ್ಚಿದ ಬಾಲ್ಕನಿ, ಮೂರು ಕಡೆ ಗೋಡೆಯಿರುವ ಕ್ರೇಟ್ (ನಾಯಿ ಗೂಡು), ನಿಂತ ಕಾರು ಇವು ಯಾವುವೂ ಬೇಡ. ಕ್ರೇಟ್ ಅಭ್ಯಾಸವಿದ್ದರೆ ತಂತಿಯದ್ದು ಇಡಿ, ಬಾಗಿಲು ತೆರೆದಿಡಿ. ಬೇಕೆಂದಾಗ ಎದ್ದು ಜಾಗ ಬದಲಿಸಲು ನಾಯಿಗೆ ಆಗಬೇಕು.

ಫ್ಯಾನ್ ಸಾಕಾ? ಕೂಲರ್ ತರಬೇಕಾ? ಎಸಿ ಬೇಕೇ ಬೇಕಾ?

ಇದಕ್ಕೆ ನೀವು ಯಾವ ಊರಿನಲ್ಲಿದ್ದೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಫ್ಯಾನ್ ನಮಗೆ ಹಿತ ಕೊಡುವುದು ಮೈ ಮೇಲಿನ ಬೆವರು ಆರುವುದರಿಂದ. ನಾಯಿಗೆ ಬೆವರಿಲ್ಲ. ಹಾಗಾಗಿ ಒಣ ಮೈಗೆ ಬರೀ ಫ್ಯಾನ್ ಹಾಕಿದರೆ ಅದಕ್ಕೆ ನಮಗೆ ಸಿಕ್ಕಷ್ಟು ಲಾಭ ಸಿಗುವುದಿಲ್ಲ. ಹೊಟ್ಟೆ, ತೊಡೆ ಸಂದು, ಪಾದ ಒದ್ದೆ ಮಾಡಿ ಆಮೇಲೆ ನೆಲಮಟ್ಟದ ಟೇಬಲ್ ಫ್ಯಾನ್ ಹಾಕಿದರೆ ಪರಿಣಾಮ ಬೇರೆಯೇ. ಸೀಲಿಂಗ್ ಫ್ಯಾನ್ ಮೇಲಿನ ಸ್ಲ್ಯಾಬಿನ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ ಎನ್ನುವುದೂ ನೆನಪಿರಲಿ.

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆಯ ಬೇಸಿಗೆ ಒಣ ಬೇಸಿಗೆ. ಅಲ್ಲಿ ನೀರು ಹಾಕುವ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿಗೆ ಒದ್ದೆ ಗೋಣಿ ಚೀಲ, ಲಾವಂಚದ ಪರದೆ ಕಟ್ಟುವ ಹಳೆಯ ಕ್ರಮವೂ ಅದೇ ತತ್ವ. ಒಂದು ಮಾತು ಮಾತ್ರ ಮರೆಯಬೇಡಿ: ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಕೂಲರ್ ಓಡಿಸಿದರೆ ತೇವ ತುಂಬಿಕೊಂಡು ನಾಯಿಗೆ ಉಸಿರಾಟ ಇನ್ನೂ ಕಷ್ಟ. ಟ್ಯಾಂಕಿನ ನೀರನ್ನು ಆಗಾಗ ಪೂರ್ತಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಸೆಕೆ ಬೇರೆ ಥರ. ಥರ್ಮಾಮೀಟರ್ 34 ಡಿಗ್ರಿ ತೋರಿಸುತ್ತದೆ, ಕೇಳುವವರಿಗೆ ದೊಡ್ಡದೇನಲ್ಲ ಅನಿಸುತ್ತದೆ. ಆದರೆ ಗಾಳಿಯಲ್ಲಿ ಆಗಲೇ ನೀರು ತುಂಬಿದೆ, ನಾಯಿಯ ನಾಲಿಗೆಯ ತೇವ ಆವಿಯಾಗುವುದೇ ಇಲ್ಲ. ಎಷ್ಟು ತೇಕಿದರೂ ಮೈ ತಣಿಯುವುದಿಲ್ಲ. ಅಲ್ಲಿ ಕೂಲರ್ ಉಪಯೋಗಕ್ಕಿಲ್ಲ, ತೊಂದರೆಯೇ ಹೆಚ್ಚು. ಕರಾವಳಿಯಲ್ಲಿ ಪಗ್ ಅಥವಾ ಬುಲ್‌ಡಾಗ್ ಸಾಕುವವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಆಡಂಬರವಲ್ಲ, ಅಗತ್ಯ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಬೆಂಗಳೂರು, ಮೈಸೂರಿನಲ್ಲಿ ಹೆಚ್ಚಿನ ರಾತ್ರಿ ಕಿಟಕಿ ತೆರೆದು, ಒದ್ದೆ ಬಟ್ಟೆಯಲ್ಲಿ ಹೊಟ್ಟೆ ಒರೆಸಿ, ಫ್ಯಾನ್ ಹಾಕಿದರೆ ಆಗುತ್ತದೆ. ಆದರೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರೂ 39.2 ಡಿಗ್ರಿ ಕಂಡಿದೆ. ಅಂಥ ವಾರಗಳಲ್ಲಿ ಊರಿನ ಹೆಸರು ನಂಬಿ ಕೂರಬಾರದು.

ಎಸಿಯನ್ನು 24ರಿಂದ 26ರ ಒಳಗೆ ಇಡಿ. ತಣ್ಣನೆ ಗಾಳಿ ನೇರ ಮುಖಕ್ಕೆ ಬಡಿಯುವುದು ಬೇಡ. ರಾತ್ರಿಯೆಲ್ಲ ಓಡಿಸಲು ಆಗದಿದ್ದರೆ ಮಲಗುವ ಮುಂಚೆ ಒಂದೆರಡು ಗಂಟೆ ಓಡಿಸಿ ಕೋಣೆಯನ್ನು ತಂಪು ಮಾಡಿ. ಮೋಡ ಕವಿದ ಸೆಕೆಯ ದಿನ ಎಸಿಯಲ್ಲಿ ಗಾಳಿಯ ತೇವ ಎಳೆಯುವ ಡ್ರೈ ಮೋಡ್ ಕೂಡ ಒಳ್ಳೆಯದು.

ಹಾಸಿಗೆ ಹೇಗಿರಬೇಕು?

ದಪ್ಪ ಸ್ಪಂಜಿನ, ಉಣ್ಣೆಯಂಥ ಬಟ್ಟೆಯ ಹಾಸಿಗೆಯನ್ನು ಮಳೆಗಾಲಕ್ಕೆ ಎತ್ತಿಡಿ. ನಾಲ್ಕು ಕಾಲಿನ, ಬಲೆ ಬಟ್ಟೆಯ ಗಿಡ್ಡ ಮಂಚ ಬೇಸಿಗೆಗೆ ತುಂಬ ಅನುಕೂಲ, ಕೆಳಗಿನಿಂದಲೂ ಗಾಳಿ ಆಡುತ್ತದೆ. ಹಗ್ಗದ ಮಂಚ ಇದ್ದರೆ ಅದೂ ಆದೀತು, ನೆಗೆದು ಹತ್ತುವಷ್ಟು ಎತ್ತರ ಇರಬಾರದು ಅಷ್ಟೇ. ಜೆಲ್ ತುಂಬಿದ ಕೂಲಿಂಗ್ ಮ್ಯಾಟ್ ಕೆಲವು ನಾಯಿಗಳಿಗೆ ಹಿಡಿಸುತ್ತದೆ. ಕಚ್ಚಿ ಹರಿಯುವ ನಾಯಿಗೆ ಬೇಡವೇ ಬೇಡ.

ಗದ್ದಕ್ಕೆ ಆಸರೆ ಕೊಡಿ. ಚಪ್ಪಟೆ ಮುಖದ ನಾಯಿಗಳು ಸೋಫಾದ ಕೈಗೋ ನಿಮ್ಮ ಕಾಲಿಗೋ ಗದ್ದ ಊರಿ ಮಲಗುವುದನ್ನು ನೋಡಿರುತ್ತೀರಿ. ಕತ್ತು ಸ್ವಲ್ಪ ಮೇಲಿದ್ದರೆ ಗಂಟಲ ದಾರಿ ತೆರೆದಿರುತ್ತದೆ. ಹಳೆಯ ಹತ್ತಿ ಟವೆಲ್ ಸುತ್ತಿ ಒಂದು ಸಣ್ಣ ದಿಂಬು ಮಾಡಿಟ್ಟರೆ ಸಾಕು. ರಾತ್ರಿ ಕಾಲರ್, ಬಟ್ಟೆ, ಬೆಲ್ಟ್ ಎಲ್ಲ ಬಿಚ್ಚಿಡಿ.

ಗೊರಕೆ ಈ ತಳಿಗಳಿಗೆ ಸಹಜ ಅಲ್ವಾ?

ಹೆಚ್ಚಿನವು ಗೊರಕೆ ಹೊಡೆಯುತ್ತವೆ, ನಿಜ. ಆದರೆ ಎಲ್ಲ ಪಗ್‌ಗಳೂ ಹೊಡೆಯುತ್ತವೆ ಎಂದ ಮಾತ್ರಕ್ಕೆ ಅದು ಆರೋಗ್ಯ ಅಲ್ಲ. ಗೊರಕೆ ಎಂದರೆ ಕಿರಿದಾದ ದಾರಿಯಲ್ಲಿ ಗಾಳಿ ಹೆಣಗಾಡುವ ಸದ್ದು. ಇಂಗ್ಲಿಷ್ ಬುಲ್‌ಡಾಗ್‌ಗಳಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ ಎಂದು ಅಮೆರಿಕದ ಸಂಶೋಧಕರು 1987ರಲ್ಲೇ ತೋರಿಸಿದರು. ಮನುಷ್ಯರ ಸ್ಲೀಪ್ ಆಪ್ನಿಯಾ ಅರ್ಥ ಮಾಡಿಕೊಳ್ಳಲು ಈ ತಳಿಯನ್ನು ಮಾದರಿಯಾಗಿ ಬಳಸಿದರು ಎಂದರೆ ಎಷ್ಟು ಸಾಮಾನ್ಯ ತೊಂದರೆ ಎಂದು ಊಹಿಸಬಹುದು.

ಈ ಕೆಲವು ನಡವಳಿಕೆಗಳನ್ನು ಮುದ್ದು ಎಂದು ವಿಡಿಯೋ ಮಾಡಿ ಸುಮ್ಮನಾಗಬೇಡಿ. ಕೂತುಕೊಂಡೇ ತೂಕಡಿಸುವುದು, ಮಲಗಲು ಹೋಗಿ ಬೆಚ್ಚಿ ಏಳುವುದು, ಬಾಯಲ್ಲಿ ಆಟಿಕೆ ಕಚ್ಚಿಕೊಂಡೇ ನಿದ್ದೆ ಮಾಡುವುದು, ತಲೆಯನ್ನು ಆಕಾಶದ ಕಡೆ ಎತ್ತಿ ಮಲಗುವುದು. ಆಟಿಕೆ ಬಾಯಲ್ಲಿದ್ದರೆ ಬಾಯಿ ತೆರೆದಿರುತ್ತದೆ, ಗಾಳಿ ಹೋಗುತ್ತದೆ. ನಾಯಿ ಉಸಿರಾಡಲು ತಾನೇ ಕಂಡುಕೊಂಡ ಉಪಾಯ ಅದು. ಮೂಗಿನಲ್ಲಿ ಗಾಳಿ ಸಾಲುತ್ತಿಲ್ಲ ಎಂದರ್ಥ.

ವಿಡಿಯೋ ಮಾಡಿ, ಆದರೆ ವೈದ್ಯರಿಗೆ ತೋರಿಸಲು ಮಾಡಿ. ಕ್ಲಿನಿಕ್ಕಿನಲ್ಲಿ ನಾಯಿ ಎಚ್ಚರವಾಗಿರುತ್ತದೆ, ನಿದ್ದೆಯ ತೊಂದರೆ ಅಲ್ಲಿ ಕಾಣುವುದಿಲ್ಲ.

ಆಪರೇಷನ್ ಮಾಡಿಸಿದರೆ ಸರಿ ಹೋಗುತ್ತದಾ?

ತುಂಬ ನಾಯಿಗಳಿಗೆ ಉಪಯೋಗವಾಗುತ್ತದೆ. ಮೂಗಿನ ಹೊಳ್ಳೆ ಅಗಲ ಮಾಡುವುದು, ಉದ್ದವಾದ ಮೆದು ಅಂಗುಳವನ್ನು ಕತ್ತರಿಸುವುದು ಇದರಲ್ಲಿ ಮುಖ್ಯ. ಪೂರ್ತಿ ಸಾಮಾನ್ಯ ನಾಯಿಯ ಹಾಗೆ ಆಗುವುದಿಲ್ಲ, ಆದರೆ ನಿದ್ದೆ, ನಡಿಗೆ, ಊಟ ಸುಧಾರಿಸುತ್ತದೆ. ವರ್ಷಗಟ್ಟಲೆ ಎಳೆದೆಳೆದು ಉಸಿರಾಡಿದರೆ ಗಂಟಲ ಒಳಗಿನ ಭಾಗಗಳು ಹಾಳಾಗುತ್ತಾ ಹೋಗುತ್ತವೆ, ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಲಾಭ ಜಾಸ್ತಿ. ಅರಿವಳಿಕೆ ಈ ತಳಿಗಳಿಗೆ ಸೂಕ್ಷ್ಮ ವಿಷಯ. ಚಪ್ಪಟೆ ಮುಖದ ನಾಯಿಗಳ ಶಸ್ತ್ರಚಿಕಿತ್ಸೆ ಮಾಡಿ ಅಭ್ಯಾಸವಿರುವವರ ಹತ್ತಿರವೇ ಹೋಗಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ ಶುರು ಮಾಡಬಹುದು.

ತೂಕ ಇಳಿಸಿದರೆ ನಿದ್ದೆ ಸುಧಾರಿಸುತ್ತದಾ?

ಹೌದು. ಖರ್ಚಿಲ್ಲದ ಔಷಧ ಇದೊಂದೇ. ಪಗ್‌ನ ತಳಿ ಮಾನದಂಡದ ತೂಕ 6.3ರಿಂದ 8.1 ಕಿಲೋ. ನಮ್ಮ ಮನೆಗಳಲ್ಲಿ 12 ಕಿಲೋ ಪಗ್ ನೋಡಿ ‘ಆರೋಗ್ಯವಾಗಿದೆ’ ಎನ್ನುತ್ತೇವೆ. ಕತ್ತಿನ ಕೊಬ್ಬು ಗಂಟಲನ್ನು ಒತ್ತುತ್ತದೆ, ಮೈ ಕೊಬ್ಬು ಬಿಸಿಯನ್ನು ಹಿಡಿದಿಡುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಗೆ ಸಿಗಬೇಕು. ಚಹಾ ಜೊತೆ ಕೊಡುವ ಬಿಸ್ಕತ್ತು ನಿಲ್ಲಿಸುವುದರಿಂದ ಆರಂಭಿಸಿ.

ರಾತ್ರಿ ಊಟ, ನೀರು ಹೇಗೆ?

ಊಟವನ್ನು ಮಲಗುವ ಮೂರು ಗಂಟೆ ಮುಂಚೆ ಮುಗಿಸಿ. ಹೊಟ್ಟೆ ತುಂಬಿದ್ದರೆ ಉಸಿರಿಗೆ ಜಾಗ ಕಡಿಮೆ, ಅರಗುವಾಗ ಮೈಯೂ ಬಿಸಿಯಾಗುತ್ತದೆ. ಈ ತಳಿಗಳಲ್ಲಿ ತಿಂದದ್ದು ಮೇಲೆ ಬರುವ ತೊಂದರೆಯೂ ಇದೆ. ದಿನದ ಊಟವನ್ನು ಮೂರು ಪಾಲು ಮಾಡಿ, ರಾತ್ರಿಯ ಪಾಲನ್ನು ಸಣ್ಣದು ಮಾಡಿ.

ನೀರು ರಾತ್ರಿಯಿಡೀ ಕೈಗೆಟುಕುವ ಹಾಗಿರಲಿ. ಮಲಗುವ ಜಾಗದಲ್ಲಿ ಒಂದು ಬಟ್ಟಲು, ಬಚ್ಚಲ ಹತ್ತಿರ ಇನ್ನೊಂದು. ಅಗಲ ಬಾಯಿಯ ಮಣ್ಣಿನ ಪಾತ್ರೆ ಒಣ ಊರುಗಳಲ್ಲಿ ನೀರನ್ನು ತಾನಾಗಿ ತಂಪಾಗಿಡುತ್ತದೆ. ಬಟ್ಟಲು ಆಳವಾಗಿದ್ದರೆ ಮೋಟು ಮೂತಿಯ ನಾಯಿಗೆ ಮೂಗು ಮುಳುಗುತ್ತದೆ.

ಐಸ್ ನೀರು ಕುಡಿದರೆ ನಾಯಿ ಸಾಯುತ್ತದೆ ಎನ್ನುವುದು ಸುಳ್ಳು. ನೀರಿಗೆ ಒಂದೆರಡು ಐಸ್ ತುಂಡು ಹಾಕಬಹುದು. ಇಡೀ ಗಡ್ಡೆಯನ್ನು ಬಾಯಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಮೊಸರನ್ನ, ರಾಗಿ ಅಂಬಲಿ, ಎಳನೀರು ಕೊಟ್ಟರೆ ಮೈ ತಂಪಾಗುತ್ತದಾ?

ನೀರಿನಂಶ ಒಳಗೆ ಹೋಗುತ್ತದೆ, ಅದು ಒಳ್ಳೆಯದೇ. ಒಗ್ಗರಣೆ, ಈರುಳ್ಳಿ, ಉಪ್ಪು ಇಲ್ಲದ ಮೊಸರನ್ನ ಸ್ವಲ್ಪ ಕೊಡಬಹುದು, ಹೊಟ್ಟೆಗೆ ಹಿಡಿಸಿದರೆ. ಬೀಜ ತೆಗೆದ ಕಲ್ಲಂಗಡಿಯ ಎರಡು ತುಂಡೂ ಆದೀತು. ಆದರೆ ಮುಚ್ಚಿದ ಮೂಗನ್ನು ಯಾವ ಅಂಬಲಿಯೂ ತೆರೆಯುವುದಿಲ್ಲ. ಗಾಳಿ, ತಂಪು ಕೋಣೆಗೆ ಇವು ಬದಲಿ ಅಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಮಾವಿನ ಹಣ್ಣಿನ ಕಾಲ, ವಾಟೆ ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ.

ಮಲಗುವ ಮುಂಚೆ ಸ್ನಾನ ಮಾಡಿಸಬಹುದಾ?

ದಿನಾ ಶಾಂಪೂ ಬೇಡ. ನಲ್ಲಿ ನೀರಿನಲ್ಲಿ ಹೊಟ್ಟೆ, ಕಂಕುಳು, ತೊಡೆ ಸಂದು, ಪಾದ ಒದ್ದೆ ಮಾಡಿ ಫ್ಯಾನ್ ಮುಂದೆ ಬಿಡಿ. ಮುಖದ ಮಡಿಕೆ ಮತ್ತು ಬಾಲದ ಬುಡವನ್ನು ಮೆತ್ತನೆ ಬಟ್ಟೆಯಲ್ಲಿ ಒಣಗಿಸಿ, ತೇವ ಉಳಿದರೆ ಅಲ್ಲಿ ಹುಣ್ಣಾಗುತ್ತದೆ. ಒದ್ದೆ ಟವೆಲ್ ಹೊದಿಸಿ ಮಲಗಿಸಬೇಡಿ. ಸ್ವಲ್ಪ ಹೊತ್ತಿಗೆ ಟವೆಲ್ ಬೆಚ್ಚಗಾಗಿ, ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ.

ಕೂದಲು ಪೂರ್ತಿ ಬೋಳಿಸಿಬಿಟ್ಟರೆ?

ಪಗ್‌ಗೆ ಬೇಡ. ದಿನಾ ಬ್ರಷ್ ಮಾಡಿ ಸತ್ತ ಕೂದಲು ತೆಗೆದರೆ ಗಾಳಿ ಚರ್ಮಕ್ಕೆ ತಾಗುತ್ತದೆ. ಶಿಹ್ ತ್ಸುವಿನ ಉದ್ದ ಕೂದಲನ್ನು ಗಿಡ್ಡ ಮಾಡಿಸಬಹುದು, ಚರ್ಮ ಕಾಣುವಷ್ಟು ಅಲ್ಲ.

ಕಿಟಕಿ ತೆರೆದರೆ ಸೊಳ್ಳೆ. ಏನು ಮಾಡುವುದು?

ಸೊಳ್ಳೆ ಬತ್ತಿ ಹಚ್ಚಬೇಡಿ. ಮೊದಲೇ ಉಸಿರಿಗೆ ಒದ್ದಾಡುವ ನಾಯಿಯ ಪಕ್ಕದಲ್ಲಿ ಹೊಗೆ ಹಾಕುವುದು ತುಂಬ ಕೆಟ್ಟದ್ದು. ಅಗರಬತ್ತಿ, ಸಾಂಬ್ರಾಣಿ ಹೊಗೆಯೂ ಅದೇ ಕೋಣೆಯಲ್ಲಿ ಬೇಡ. ನಾವು ಹಚ್ಚಿಕೊಳ್ಳುವ ಸೊಳ್ಳೆ ಕ್ರೀಮನ್ನು ನಾಯಿಗೆ ಹಚ್ಚಿದರೆ ನೆಕ್ಕಿ ನುಂಗುತ್ತದೆ. ಕಿಟಕಿಗೆ ಜಾಲರಿ ಹಾಕಿಸಿ, ಇಲ್ಲವೇ ನಾಯಿಯ ಮಂಚಕ್ಕೆ ಮಕ್ಕಳ ಸೊಳ್ಳೆ ಪರದೆ ಕಟ್ಟಿ. ಸೊಳ್ಳೆಯಿಂದ ಹೃದಯದ ಹುಳದ ಕಾಯಿಲೆ ಹರಡುತ್ತದೆ, ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಸಂಜೆ ಚೆನ್ನಾಗಿ ಓಡಾಡಿಸಿದರೆ ಸುಸ್ತಾಗಿ ಮಲಗುತ್ತದಲ್ಲವಾ?

ಬೇಸಿಗೆಯಲ್ಲಿ ಈ ಉಪಾಯ ಉಲ್ಟಾ ಹೊಡೆಯುತ್ತದೆ. ಸಂಜೆ ಆರಕ್ಕೆ ಡಾಂಬರು ಇನ್ನೂ ಕಾದಿರುತ್ತದೆ. ಅಂಗೈಯ ಹಿಂಬದಿ ಏಳು ಸೆಕೆಂಡ್ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಬಿಸಿಯಾಗಿ ಬಂದ ಬುಲ್‌ಡಾಗ್‌ಗೆ ತಣಿಯಲು ತುಂಬ ಹೊತ್ತು ಬೇಕು. ಬೆಳಿಗ್ಗೆ ಆರರ ಒಳಗೆ ವಾಕಿಂಗ್ ಮುಗಿಸಿ. ರಾತ್ರಿ ಊಟವಾದ ಮೇಲೆ ಬರೀ ಮೂತ್ರಕ್ಕೆ ಕರೆದುಕೊಂಡು ಹೋಗಿ, ಕತ್ತಿಗೆ ಬೆಲ್ಟ್ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ.

ಮಧ್ಯರಾತ್ರಿ ಕರೆಂಟ್ ಹೋದರೆ?

ಮೊದಲೇ ಸಿದ್ಧವಾಗಿರಿ. ಫ್ರೀಜರಿನಲ್ಲಿ ಎರಡು ಬಾಟಲ್ ನೀರು ಗಟ್ಟಿಯಾಗಿರಲಿ, ಬಟ್ಟೆ ಸುತ್ತಿ ಹಾಸಿಗೆಯ ಒಂದು ಬದಿಗಿಡಿ. ಬೇಡವಾದಾಗ ದೂರ ಸರಿಯಲು ನಾಯಿಗೆ ಜಾಗ ಬೇಕು. ಚಾರ್ಜ್ ಮಾಡುವ ಸಣ್ಣ ಫ್ಯಾನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒದ್ದೆ ಮಾಡಿ ಬೀಸಣಿಗೆಯಿಂದ ಗಾಳಿ ಹಾಕಿ.

ರಾತ್ರಿ ತೇಕುವುದು ಸೆಕೆಗೋ ಜ್ವರಕ್ಕೋ, ಹೇಗೆ ತಿಳಿಯುವುದು?

ನಾಯಿ ಚೆನ್ನಾಗಿ ನಿದ್ದೆ ಮಾಡಿದಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ತಂಪು ಕೋಣೆಯಲ್ಲೂ ಪ್ರತಿ ರಾತ್ರಿ ಅದಕ್ಕಿಂತ ಮೇಲಿದ್ದರೆ ಹೃದಯ, ಶ್ವಾಸಕೋಶ ಪರೀಕ್ಷೆ ಮಾಡಿಸಿ.

ನಾಯಿಗಳಿಗೇ ಎಂದು ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ, ಗುದದಲ್ಲಿ ನೋಡುವುದನ್ನು ವೈದ್ಯರಿಂದ ಕಲಿತುಕೊಳ್ಳಿ. ಸಾಮಾನ್ಯ ಉಷ್ಣತೆ 101ರಿಂದ 102.5 ಫ್ಯಾರನ್‌ಹೀಟ್. ಬೇಸಿಗೆ, ಮೈಗೆ ಅಂಟಿ ರಕ್ತ ಹೀರುವ ಉಣ್ಣೆಗಳ ಕಾಲವೂ ಹೌದು. ಉಣ್ಣೆ ಜ್ವರ ಬಂದ ನಾಯಿಯೂ ರಾತ್ರಿ ತೇಕುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಯಾವ ಕಾರಣಕ್ಕೂ ಮನೆಯಲ್ಲಿರುವ ಡೋಲೋ ಕೊಡಬೇಡಿ. ಪ್ಯಾರಾಸಿಟಮಾಲ್ ನಾಯಿಗೆ ಅಪಾಯಕಾರಿ, ಸೆಕೆಯಿಂದ ಏರಿದ ಬಿಸಿಯನ್ನು ಅದು ಇಳಿಸುವುದೂ ಇಲ್ಲ.

ಶಾಖದ ಆಘಾತ ಆಗುತ್ತಿದೆ ಅನಿಸಿದರೆ ಮೊದಲು ಏನು ಮಾಡಬೇಕು?

ನಿಲ್ಲದ ಏದುಸಿರು, ಗಂಟಲಲ್ಲಿ ಗರಗಸದಂಥ ಸದ್ದು, ಗಟ್ಟಿ ಜೊಲ್ಲು, ಕಡುಗೆಂಪು ಅಥವಾ ನೀಲಿ ನಾಲಿಗೆ, ತೂರಾಡುವುದು, ವಾಂತಿ, ಕುಸಿದು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ನಲ್ಲಿ ನೀರನ್ನು ಮೈ ತುಂಬ ಸುರಿಯಿರಿ, ಚರ್ಮದವರೆಗೂ ಒದ್ದೆಯಾಗಲಿ, ಜೋರಾಗಿ ಫ್ಯಾನ್ ಹಾಕಿ, ಸುರಿಯುತ್ತಲೇ ಇರಿ. ತಣ್ಣೀರು ಹಾಕಿದರೆ ಶಾಕ್ ಆಗುತ್ತದೆ ಎನ್ನುವ ಹಳೆಯ ಭಯಕ್ಕೆ ಆಧಾರವಿಲ್ಲ, ತಡ ಮಾಡುವುದೇ ನಿಜವಾದ ಅಪಾಯ. ಮೂಗು, ಬಾಯಿಗೆ ನೀರು ಹೋಗದಂತೆ ತಲೆ ಎತ್ತಿ ಹಿಡಿಯಿರಿ. ಪ್ರಜ್ಞೆ ಇದ್ದು ತಾನಾಗಿ ಕುಡಿದರೆ ಕುಡಿಯಲಿ, ಬಾಯಿಗೆ ಸುರಿಯಬೇಡಿ. ಥರ್ಮಾಮೀಟರ್ 103 ತೋರಿಸಿದಾಗ ನೀರು ನಿಲ್ಲಿಸಿ. ದಾರಿಯಲ್ಲಿ ಕಾರಿನ ಎಸಿ ಹಾಕಿ ಅಥವಾ ಕಿಟಕಿ ಇಳಿಸಿ.

ಚೇತರಿಸಿಕೊಂಡ ಹಾಗೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡ, ಕರುಳು, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆಗಳು ಮಾರನೇ ದಿನ ಕಾಣಿಸಬಹುದು. ನಿಮ್ಮ ಊರಿನಲ್ಲಿ ರಾತ್ರಿ ಯಾವ ಕ್ಲಿನಿಕ್ ತೆರೆದಿರುತ್ತದೆ ಎಂದು ಇವತ್ತು ಹಗಲಲ್ಲೇ ಫೋನ್ ಮಾಡಿ ಕೇಳಿ, ನಂಬರನ್ನು ಫ್ರಿಜ್ ಮೇಲೆ ಅಂಟಿಸಿ.

ಹೊಸದಾಗಿ ಪಗ್ ಮರಿ ತರಬೇಕೆಂದಿದ್ದೇವೆ. ಏನು ನೋಡಬೇಕು?

ಮರಿಯ ಮೂಗಿನ ಹೊಳ್ಳೆ ನೋಡಿ. ಸೀಳಿದ ಗೆರೆಯ ಹಾಗಿದ್ದರೆ ಬೇಡ, ತೆರೆದ ತೂತಿನ ಹಾಗಿರಬೇಕು. ಮೂತಿ ಸ್ವಲ್ಪವಾದರೂ ಮುಂದಿರಲಿ. ತಾಯಿ, ತಂದೆ ನಾಯಿಗಳನ್ನು ತೋರಿಸಲು ಹೇಳಿ, ಮೂರು ನಿಮಿಷ ಚುರುಕಾಗಿ ನಡೆಸಿ ಉಸಿರಿನ ಸದ್ದು ಕೇಳಿ. ಬ್ರಿಟನ್ನಿನಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಕೆನಲ್ ಕ್ಲಬ್ ಸೇರಿ ನಡೆಸುವ ಉಸಿರಾಟದ ಪರೀಕ್ಷೆಯಲ್ಲೂ ಹೀಗೆಯೇ ನಾಯಿಯನ್ನು ಮೂರು ನಿಮಿಷ ಓಡಿಸಿ, ಮೊದಲು ಮತ್ತು ನಂತರ ಸದ್ದು ಕೇಳುತ್ತಾರೆ. ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ನೀವು ರಾಯಚೂರಿನಲ್ಲೋ ಮಂಗಳೂರಿನಲ್ಲೋ ಎಸಿ ಇಲ್ಲದ ಮೇಲಿನ ಮಹಡಿಯಲ್ಲಿದ್ದರೆ, ಬೀದಿಯಲ್ಲಿ ಹುಟ್ಟಿದ ಉದ್ದ ಮೂತಿಯ ನಾಡ ಮರಿಯೊಂದನ್ನು ದತ್ತು ತೆಗೆದುಕೊಳ್ಳಿ ಎನ್ನುವುದು ನನ್ನ ಸಲಹೆ.